ಕುಂತಲ್ಲಿ ಕೂಡಗೊಡದ ಬ್ರೋಮಿನ್ ಬಾಟಲಿ

ಬೇರೆಯವರ ಹೆಗಲೇರಿದ ಶನಿ ಏಳೂವರೆ ವರ್ಷಕ್ಕೆ ಇಳಿದು ಹೋಗುತ್ತಾನಂತೆ. ರಸಾಯನಶಾಸ್ತ್ರ ಕಲಿಸುವವನ ಹೆಗಲಿನಿಂದ ಮಾತ್ರ ಅವನು ನೌಕರಿ ಮುಗಿಯುವ ತನಕ ಇಳಿಯುವುದಿಲ್ಲ. ಇತಿಹಾಸದ ಮಾಸ್ತರರು ಪಾಠ ಮುಗಿಸಿ ಕೋಣೆಗೆ ಬೀಗ ಹಾಕಿದರೆ ಒಳಗೆ ಯಾವ ರಾಜನೂ ಸೋರುವುದಿಲ್ಲ. ನಮ್ಮಲ್ಲಿ ದಿನಕ್ಕೊಂದು ನಡೆಯುತ್ತಲೇ ಇರುತ್ತದೆ. ಅದರ ಮೇಲೆ ನಾನು ಮೊದಲೇ ಕುಂತಲ್ಲಿ ಕೂಡದ ಮನುಷ್ಯ. ಓಣಿಯ ತಿರುವಿನವರೆಗೆ ಹೋಗಿ, ಮನೆಯ ಬೀಗ ಜಗ್ಗಿ ನೋಡಲು ವಾಪಸ್ ಬರುವವನು. ಇಂಥವನ ಕೊರಳಿಗೆ ದೇವರು ಒಂದು ಬ್ರೋಮಿನ್ ಬಾಟಲಿ ಗಂಟು ಹಾಕಿದ. ತೊಂಬತ್ತರ ದಶಕದಲ್ಲಿ ಬೈಲಹೊಂಗಲ ಸೀಮೆಯ ಒಂದು ಪಿಯು ಕಾಲೇಜಿಗೆ ವರ್ಗವಾಗಿ ಹೋದಾಗಿನ ಮಾತು ಇದು.

ನಿಂಬೆಹಣ್ಣಿನ ಕಾವಲು

ಹೋದ ದಿನವೇ ಕಾಲೇಜಿನ ಹಳೆಯ ಸಿಪಾಯಿ ನನಗೆ ಪ್ರಯೋಗಶಾಲೆ ತೋರಿಸಿದ. ತಗಡಿನ ಮಾಡು, ಒಂದೇ ಬಾಗಿಲು, ಬಾಗಿಲಿಗೆ ಹತ್ತಿದಂತೆ ಒಂದೇ ಕಪಾಟು. ಕಪಾಟಿನೊಳಗೆ ಹೆಸರಿನ ಚೀಟಿಯೂ ಸುಟ್ಟುಹೋದ ಒಂದು ದಪ್ಪ ಗಾಜಿನ ಬಾಟಲಿ. ಸುತ್ತಲಿನ ಕಬ್ಬಿಣದ ಸ್ಟ್ಯಾಂಡುಗಳೆಲ್ಲ ತುಕ್ಕು ಹಿಡಿದು ಪುಡಿಯಾಗಿದ್ದವು. ನೋಡಿದೊಡನೆ ನನಗೆ ಗೊತ್ತಾಯಿತು, ಬ್ರೋಮಿನ್. ಅದೊಂದು ಕೆಂಪು-ಕಂದು ದ್ರವ. ಕಾಯಿಸಬೇಕಾದದ್ದೂ ಇಲ್ಲ, ಬಿರಡೆ ಸಡಿಲಾದರೆ ಸಾಕು, ತಾನೇ ಹೊಗೆಯಾಡುತ್ತದೆ. ಮೈಮೇಲೆ ಬಿದ್ದರೆ ಚರ್ಮ ಸುಡುತ್ತದೆ, ಹೊಗೆ ಎದೆಗೆ ಹೋದರೆ ದವಾಖಾನೆಯೇ ಗತಿ. ನಮ್ಮ ಬಾಟಲಿಯ ಬಿರಡೆ ಸಡಿಲವೇ ಇತ್ತು.

ಪ್ರಾಕ್ಟಿಕಲ್ ಪರೀಕ್ಷೆಯ ದಿನ ಹುಡುಗರೆಲ್ಲ ಇದೇ ಬಾಗಿಲಲ್ಲಿ ನುಗ್ಗುವವರು. ಯಾವನದೋ ಮೊಣಕೈ ತಾಗಿ ಕಪಾಟು ಅಲುಗಿದರೆ? ಆ ಹೆದರಿಕೆ ಅಂದು ಎದೆಯೊಳಗೆ ಕೂತದ್ದು ಏಳಲಿಲ್ಲ. ಪರೀಕ್ಷೆ ಬರುವುದರೊಳಗೆ ಇದನ್ನು ಇಲ್ಲಿಂದ ತೊಲಗಿಸಬೇಕೆಂದು ಅಂದೇ ನಿಶ್ಚಯಿಸಿದೆ.

ಕಪಾಟಿನ ಹಿಡಿಕೆಗೆ ನಿಂಬೆಹಣ್ಣು, ಮೆಣಸಿನಕಾಯಿ ಪೋಣಿಸಿ ಕಟ್ಟಿತ್ತು. ಇದೇನೆಂದು ಸಿಪಾಯಿಯನ್ನು ಕೇಳಿದೆ. ಸುರಕ್ಷತಾ ಕ್ರಮ ಎಂದ. ನನಗೆ ಸಿಟ್ಟು ಬಂತು. ಅದನ್ನು ಕಿತ್ತು ಹಾಕಿಸಿ, 'ಅಪಾಯ, ಮುಟ್ಟಬೇಡಿ' ಎಂದು ದೊಡ್ಡ ಅಕ್ಷರದಲ್ಲಿ ಬೋರ್ಡು ಬರೆಸಿದೆ. ಅಲ್ಲಿಯವರೆಗೆ ಆ ಕಪಾಟಿನ ಕಡೆ ಮುಖ ಮಾಡದಿದ್ದ ಹುಡುಗರು, ಬೋರ್ಡು ಬಿದ್ದ ದಿನದಿಂದ ಒಳಗೇನಿದೆ ಎಂದು ಬಾಗಿಲು ಜಗ್ಗಿ ನೋಡತೊಡಗಿದರು. ವಾರದೊಳಗೆ ನಾನೇ ಸಂತೆಗೆ ಹೋಗಿ ಒಳ್ಳೆಯ ನಿಂಬೆಹಣ್ಣು ಆರಿಸಿ ತಂದೆ.

ಕಣ್ಣಿನ ರಕ್ಷಣೆ

ಇಂಥ ರಾಸಾಯನಿಕ ಇರುವ ಕಡೆ ಕಣ್ಣಿಗೆ ಕನ್ನಡಕ, ಕೈಗೆ ರಬ್ಬರಿನ ಗ್ಲೌಸು ಇರಲೇಬೇಕೆಂದು ಪ್ರಿನ್ಸಿಪಾಲರ ಬೆನ್ನು ಹತ್ತಿದೆ. ಅವರು ಅರ್ಥಶಾಸ್ತ್ರದವರು, ಯಾವುದಕ್ಕೂ ಇಲ್ಲ ಎನ್ನುವವರಲ್ಲ, ಆದರೆ ಕೊಟ್ಟದ್ದೂ ಕಡಿಮೆ. ಒಂದು ಸೋಮವಾರ ಬಂದು ಕನ್ನಡಕದ ವ್ಯವಸ್ಥೆ ಆಯಿತೆಂದರು. ಸವದತ್ತಿ ಗುಡ್ಡಕ್ಕೆ ದರ್ಶನಕ್ಕೆ ಹೋದವರು, ಬರುವಾಗ ಮೆಟ್ಟಿಲ ಬದಿಯ ಅಂಗಡಿಯಲ್ಲಿ ಚೌಕಾಶಿ ಮಾಡಿ ಒಂದು ಚೀಲ ತುಂಬ ತಂದಿದ್ದರು. ಎಲ್ಲವೂ ಕಪ್ಪು ಗಾಜಿನವು.

ಅವತ್ತಿನ ಪ್ರಯೋಗ ಬ್ರೋಮಿನ್ ನೀರಿನದು. ಬೇರೊಂದು ಸಣ್ಣ ಶೀಶೆಯಲ್ಲಿ ಆ ತೆಳುವಾದ ಹಳದಿ ನೀರು ಇತ್ತು. ಅದಕ್ಕೆ ಒಂದಿಷ್ಟು ಎಣ್ಣೆ ಹಾಕಿ ಅಲುಗಾಡಿಸಿದರೆ ಬಣ್ಣ ಹೋಗುತ್ತದೋ ಇಲ್ಲವೋ ನೋಡಬೇಕು. ಪ್ರಯೋಗ ಇರುವುದೇ ಅಷ್ಟು. ಹುಡುಗರು ಕಪ್ಪು ಕನ್ನಡಕ ಏರಿಸಿ ಸಾಲಾಗಿ ನಿಂತರು. ನಾನಿನ್ನೂ ಎಣ್ಣೆ ಹಂಚಿಯೇ ಇರಲಿಲ್ಲ, ಬಣ್ಣ ಹೋಯಿತು ಎಂದು ಮೊದಲನೆಯವನು ಕೈ ಎತ್ತಿದ. ಎರಡನೆಯವನೂ ಎತ್ತಿದ. ಇನ್ನೂ ಏನೂ ಹಾಕದೆ ಬಣ್ಣ ಹೇಗೆ ಹೋದೀತು ಎಂದು ಗದರಿದೆ. ಹಿಂದಿನ ಸಾಲಿನವನೊಬ್ಬ ನನ್ನನ್ನೇ ಮೇಲಿಂದ ಕೆಳಗೆ ನೋಡಿ ಹೇಳಿದ:

"ಎಲ್ಲಾದರದೂ ಹೋಗೇತ್ರಿ ಸರ್. ನಿಮ್ಮದೂ ಹೋಗೇತಿ."

ಖಂಡೇಪೂಜೆ

ಮಹಾನವಮಿಗೆ ನಮ್ಮ ಕಡೆ ನೇಗಿಲು, ತಕ್ಕಡಿ, ಹೊಲಿಗೆ ಮಷೀನು, ಲಾರಿ ಎಲ್ಲಕ್ಕೂ ಪೂಜೆ. ಕಾಲೇಜಿನಲ್ಲೂ ಆಗಬೇಕು. ಆ ದಿನ ನಾನು ಸ್ವಲ್ಪ ತಡವಾಗಿ ಹೋದೆ. ನನ್ನ ಸಲಕರಣೆಗಳನ್ನೆಲ್ಲ ಸಿಪಾಯಿ ತೊಳೆದು, ಒರೆಸಿ, ಮೇಜಿನ ಮೇಲೆ ಜೋಡಿಸಿದ್ದ. ನಟ್ಟ ನಡುವೆ ಬ್ರೋಮಿನ್ ಬಾಟಲಿ ಇತ್ತು. ಹೊಟ್ಟೆಗೆ ಮೂರು ಬೆರಳ ವಿಭೂತಿ, ಕೊರಳಿಗೆ ಚೆಂಡುಹೂವಿನ ಮಾಲೆ, ಮುಂದೆ ಊದಿನಕಡ್ಡಿ.

ಇದನ್ನು ಯಾಕೆ ಹೊರಗೆ ತೆಗೆದೆ ಎಂದು ಸಿಪಾಯಿಯನ್ನು ಕೇಳಿದರೆ, ಎಲ್ಲಕ್ಕಿಂತ ಶಕ್ತಿ ಇರುವುದು ಇದಕ್ಕೇ, ಇದನ್ನು ಬಿಟ್ಟು ಬುನ್ಸೆನ್ ಬರ್ನರಿಗೆ ಪೂಜೆ ಮಾಡಿದರೆ ನಡೆಯುತ್ತದೆಯೇ ಎಂದು ನನ್ನನ್ನೇ ಕೇಳಿದ. ಬೈಯಲು ಬಾಯಿ ತೆರೆಯುವಷ್ಟರಲ್ಲಿ ಪ್ರಿನ್ಸಿಪಾಲರು, ಉಳಿದ ಮಾಸ್ತರರು ಒಳಗೆ ಬಂದು ಕೈ ಮುಗಿದು ನಿಂತರು. ಬಿರಡೆಯ ಸಂದಿಯಿಂದ ಬರುವ ಹೊಗೆ ಹೂವಿಗೆ ಬಡಿಯುತ್ತಿತ್ತು. ನೋಡನೋಡುತ್ತ ಕೊರಳ ಹತ್ತಿರದ ಚೆಂಡುಹೂಗಳು ಬಣ್ಣ ಕಳೆದುಕೊಂಡು ಬಿಳುಚಿದವು. ಬ್ರೋಮಿನ್‌ಗೆ ಬಣ್ಣ ತಿನ್ನುವ ಗುಣ ಇದೆ ಎಂದು ಪಾಠ ಹೇಳಿದೆ, ಕಿಟಕಿಗಳನ್ನೆಲ್ಲ ತೆರೆದೆ, ಎಲ್ಲರೂ ಹೊರಗೆ ನಡೆಯಿರಿ ಎಂದು ಕೈ ಜೋಡಿಸಿದೆ. ಯಾರೂ ಕದಲಲಿಲ್ಲ. ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ ಪ್ರಿನ್ಸಿಪಾಲರು ಮತ್ತೊಮ್ಮೆ ಬಗ್ಗಿ ನಮಸ್ಕಾರ ಮಾಡಿ, ಇಷ್ಟು ವರ್ಷ ಪೂಜೆ ಮಾಡಿದ್ದೇನೆ, ಭಕ್ತಿಯಿಂದ ಕಣ್ಣೀರು ಬಂದದ್ದು ಇವತ್ತೇ ಎಂದರು.

ಸಂಪಗಾಂವದ ಲಗ್ನ

ಪೂಜೆಯಲ್ಲಿ ತಿಕ್ಕಿ ತೊಳೆದ ಮೇಲೆ ಬಿರಡೆ ಇನ್ನಷ್ಟು ಸಡಿಲಾಯಿತು. ನನ್ನ ನೆಮ್ಮದಿಯೂ. ಬಾಟಲಿಯನ್ನು ಉಸುಕು ತುಂಬಿದ ಬಕೆಟ್ಟಿನೊಳಗೆ ಇಟ್ಟೆ, ಕಿಟಕಿ ಸದಾ ತೆರೆದಿರಲಿ ಎಂದೆ. ಆದರೂ ರವಿವಾರ ಲೂನಾ ಹತ್ತಿ ಹೋಗಿ ಕಿಟಕಿಗೆ ಮೂಗು ಹಚ್ಚಿ ಬರುವುದು ನನಗೆ ರೂಢಿಯಾಯಿತು. ಮಗಳಿಗೆ ಜ್ವರ ಬಂದಾಗಲೂ ನೀವು ಇಷ್ಟು ಸಲ ಎದ್ದು ನೋಡಿರಲಿಲ್ಲ ಎಂದು ಹೆಂಡತಿ ಅಂದಳು. ಮಾತು ಸುಳ್ಳಲ್ಲ.

ಮಾಘದಲ್ಲಿ ಸಂಪಗಾಂವದಲ್ಲಿ ಹೆಂಡತಿಯ ತಂಗಿಯ ಲಗ್ನ. ನಾನು ಹಿರಿಯ ಅಳಿಯ. ಪಂಕ್ತಿಯಲ್ಲಿ ಮೊದಲ ಎಲೆ ನನ್ನದು. ಹೋಳಿಗೆ ಬಡಿಸಿದ್ದರು, ತುಪ್ಪ ಬರುತ್ತಿತ್ತು. ಆಗ ನೆನಪಾಯಿತು, ಬರುವ ಗಡಿಬಿಡಿಯಲ್ಲಿ ಕಿಟಕಿ ಮುಚ್ಚಿ ಬಂದೆನೋ ಏನೋ. ಮಾಘ ಮುಗಿಯುತ್ತ ಬಂದಿತ್ತು, ತಗಡಿನ ಕೆಳಗೆ ಬಿಸಿಲು ಏರುವ ಹೊತ್ತು. ಯಾರಿಗೂ ಹೇಳದೆ ಎದ್ದು ಕೈ ತೊಳೆದು, ಸಿಕ್ಕ ಟೆಂಪೋ ಹತ್ತಿ ಕಾಲೇಜಿಗೆ ಬಂದೆ. ಕಿಟಕಿ ತೆರೆದೇ ಇತ್ತು.

ಅತ್ತ ಲಗ್ನದ ಮನೆಯಲ್ಲಿ ದೊಡ್ಡ ಗದ್ದಲ. ಹಿರಿಯ ಅಳಿಯ ಹೋಳಿಗೆಯ ಮುಂದಿನಿಂದ ಎದ್ದು ಹೋಗಿದ್ದಾನೆ ಎಂದರೆ ಎಲ್ಲೋ ಮಾನ-ಮರ್ಯಾದೆಯಲ್ಲಿ ಕೊರತೆ ಆಗಿರಲೇಬೇಕು. ಸಂಜೆಯೊಳಗೆ ಮಾವನವರು ನನ್ನ ಹೆಂಡತಿಯನ್ನೂ ನಾಲ್ಕು ಹಿರಿಯರನ್ನೂ ಕರೆದುಕೊಂಡು ಮನೆಗೆ ಬಂದು, ತಪ್ಪಾಗಿದ್ದರೆ ಹೊಟ್ಟೆಯಲ್ಲಿ ಹಾಕಿಕೊಳ್ಳಬೇಕೆಂದು ಧೋತರ, ಶಾಲು, ತೆಂಗಿನಕಾಯಿ ಮುಂದಿಟ್ಟರು. ನಾನು ಬ್ರೋಮಿನ್ ಎಂದರೆ, ಅವರು ಇರಲಿ ಇರಲಿ, ಸಿಟ್ಟು ಬಿಡಿ ಎನ್ನುತ್ತಾರೆ. ಶಾಲು ಹೊದಿಸಿಯೇ ಹೋದರು. ಅವರನ್ನು ಕಳಿಸಿ ಬಂದ ಹೆಂಡತಿ ಶಾಲಿನ ಅಂಚು ಮುಟ್ಟಿ ನೋಡಿ, ಮೆಲ್ಲಗೆ ಅಂದಳು:

"ವೈಶಾಖದಾಗ ನಮ್ಮ ಕಾಕಾನ ಮಗನ ಲಗ್ನ ಐತ್ರಿ. ಆವತ್ತೂ ಬಾಟ್ಲಿ ನೆನಪ ಮಾಡಕೋರಿ. ಆದ್ರ ಏಳೂ ಮುಂದ ನನ್ನೂ ಕರಕೊಂಡ ಏಳ್ರಿ, ನನಗೂ ಒಂದ ಸೀರಿ ಬರತೇತಿ."

ಅನುಮತಿ

ಪರೀಕ್ಷೆ ಹತ್ತಿರ ಬಂತು. ಬಾಟಲಿ ನಾಶಮಾಡಲು ಅನುಮತಿ ಕೊಡಿ ಎಂದು ಪ್ರಿನ್ಸಿಪಾಲರ ಮುಂದೆ ಹೋಗಿ ನಿಂತೆ. ಸರಕಾರದ ಸಾಮಾನು, ಮೇಲಿನಿಂದ ಆದೇಶ ಬರದೆ ಮುಟ್ಟುವ ಹಾಗಿಲ್ಲ, ಬರೆದು ಕಳಿಸೋಣ ಎಂದರು. ನಾನೂ ಒಪ್ಪಿದೆ. ಆದೇಶ ಬರುವವರೆಗೆ ಹುಡುಗರ ನಡುವೆ ಇಡುವುದು ಸರಿಯಲ್ಲ, ತಮ್ಮ ಕೋಣೆಯ ಕಪಾಟಿನಲ್ಲಿ ಇಡುತ್ತೇನೆ, ಕೀಲಿ ತಮ್ಮ ಹತ್ತಿರವೇ ಇರಲಿ ಎಂದೆ. ಅವರ ಮುಂದಿದ್ದ ಚಹಾ ಆರುವುದರೊಳಗೆ ಅನುಮತಿ ಬಂತು.

ಇನ್ನು ನಾಶ ಮಾಡುವ ಬಗೆ. ಮನೋಳಿಗೆ ಒಯ್ದು ಮಲಪ್ರಭೆಗೆ ಬಿಟ್ಟರಾಯಿತು ಎಂದು ಸಿಪಾಯಿ ಹೇಳಿದ. ಮನೋಳಿಯವರು ಕುಡಿಯುವುದು ಅದೇ ನೀರು ಮಾರಾಯಾ ಎಂದೆ. ಒಬ್ಬ ಪಾಲಕರು, ಚೆಲ್ಲುವುದಾದರೆ ನಮಗೆ ಕೊಡಿ, ಹತ್ತಿಯ ಹುಳಕ್ಕೆ ಹೊಡೆದು ನೋಡುತ್ತೇವೆ ಎಂದರು. ಸರಿಯಾದ ದಾರಿ ಒಂದೇ: ಹೈಪೋ. ಫೋಟೋ ತೊಳೆಯುವವರು ಬಳಸುವ ಬಿಳಿ ಹರಳು. ಅದರ ನೀರಿಗೆ ಬ್ರೋಮಿನ್ ಬಿದ್ದರೆ ಅದರ ಸೊಕ್ಕು ಇಳಿಯುತ್ತದೆ. ಪೇಟೆಯ ಸ್ಟುಡಿಯೋದ ಚಾಚಾನ ಹತ್ತಿರ ಹೋದೆ. ಇದ್ದ ಹೈಪೋ ಎಲ್ಲ ನಿಮಗೆ ಕೊಟ್ಟರೆ ಹಾಲ್ ಟಿಕೆಟ್ಟಿನ ಫೋಟೋ ಹೇಗೆ ತೊಳೆಯಲಿ ಎಂದು ಆತ ತಲೆ ಕೆರೆದುಕೊಂಡ. ಹೈಪೋ ಕಾಣದ ಫೋಟೋ ಬೆಳಕಿಗೆ ಬಂದರೆ ಕಪ್ಪಾಗುತ್ತದೆ.

"ನಿಮ್ಮ ಹುಡುಗೂರ ಮಾರಿ ಎಲ್ಲಾ ಕರ್ರಗ ಆಗತಾವ್ರಿ ಸರ್. ನಡೀತೇತೇನ್ರಿ?"

ಮುಖ ಕಪ್ಪಾದರೂ ಹುಡುಗರು ಉಳಿಯಲಿ ಎಂದೆ. ಕೊಟ್ಟ.

ಐಸ್ ಕ್ಯಾಂಡಿ ಮಾಡುವವರಿಂದ ಬರ್ಫ ತರಿಸಿ ಬಾಟಲಿ ತಣ್ಣಗೆ ಮಾಡಿದೆ. ಹಿತ್ತಲಿನ ಬಯಲಿನಲ್ಲಿ ಗಾಳಿಗೆ ಬೆನ್ನು ಮಾಡಿ, ರಬ್ಬರಿನ ಗ್ಲೌಸು ಹಾಕಿ, ಸೋಡಾಪುಡಿ ಬೆರೆಸಿದ ಹೈಪೋ ನೀರಿಗೆ ಹನಿಹನಿಯಾಗಿ ಬಿಟ್ಟೆ. ಕೆಂಪು ಬಿದ್ದಲ್ಲೇ ಮಾಯವಾಗುತ್ತಿತ್ತು. ಕೊನೆಯ ಹನಿ ಹೋದಾಗ ನನ್ನ ಕಣ್ಣಲ್ಲಿ ನಿಜವಾಗಿಯೇ ನೀರು ಬಂತು. ಕಂಪೌಂಡ್ ಗೋಡೆಯ ಮೇಲೆ ಸಾಲಾಗಿ ಕೂತ ಊರಿನವರಿಗೆ ಮಾತ್ರ ಬಹಳ ಬೇಜಾರು. ಏನಾದರೂ ಢಂ ಎಂದೀತು ಎಂದು ಹೊಲದ ಕೆಲಸ ಬಿಟ್ಟು ಬಂದಿದ್ದರಂತೆ.

ರಾಮದುರ್ಗದ ಬಸ್ಸು

ಪರೀಕ್ಷೆ ಸುಸೂತ್ರ ನಡೆಯಿತು. ಯಾರ ಮೊಣಕೈ ಎಲ್ಲಿ ತಾಗಿದರೂ ನನಗೆ ಚಿಂತೆ ಇರಲಿಲ್ಲ. ನೌಕರಿಯಲ್ಲಿ ಮೊದಲ ಸಲ ಕುರ್ಚಿಗೆ ಪೂರ್ತಿ ಬೆನ್ನು ಹಚ್ಚಿ ಕೂತೆ. ಆ ಸುಖ ಬೇಸಿಗೆ ರಜೆಯವರೆಗೂ ಬಾಳಲಿಲ್ಲ.

ನಮ್ಮ ಪ್ರಿನ್ಸಿಪಾಲರು ಹೆಮ್ಮೆಯ ಮನುಷ್ಯ. ಪ್ರಿನ್ಸಿಪಾಲರ ಸಭೆಗೆ ಹೋದಾಗ ಸುತ್ತಲಿನ ತಾಲೂಕುಗಳಿಂದ ಬಂದವರ ಮುಂದೆ, ನಮ್ಮಲ್ಲಿ ಒಬ್ಬ ಮಾಸ್ತರ ಇದ್ದಾನೆ, ಎಂಥ ವಿಷವನ್ನೂ ನೀರು ಮಾಡುತ್ತಾನೆ ಎಂದು ಕೊಚ್ಚಿಕೊಂಡಿದ್ದರು. ನನ್ನಂತೆ ಒಂದೊಂದು ಹಳೆಯ ಬಾಟಲಿ ಕಾಯುತ್ತ ಕೂತ ಪಾಪದವರು ಎಲ್ಲ ಕಾಲೇಜಿನಲ್ಲೂ ಇದ್ದರು. ಮರುವಾರವೇ ಕಿತ್ತೂರಿನ ಕಡೆಯಿಂದ ಒಂದು ಚೀಟಿ ಬಂತು, ಯಾವಾಗ ತರಲಿ ಎಂದು. ಅವರಾದರೂ ಕೇಳಿದರು.

ಒಂದು ಮಧ್ಯಾಹ್ನ ಕುರ್ಚಿಯಲ್ಲಿ ಕೂತು ಚಹಾ ಕುಡಿಯುತ್ತಿದ್ದೆ. ಬಾಗಿಲಲ್ಲಿ ಒಬ್ಬ ಅಪರಿಚಿತ ಬಂದು ನಿಂತ. ರಾಮದುರ್ಗದ ಒಂದು ಕಾಲೇಜಿನ ಸಿಪಾಯಿಯಂತೆ, ಅವರ ಸಾಹೇಬರು ಕಳಿಸಿದ್ದಾರಂತೆ. ಕೈಯಲ್ಲಿ ಊಟದ ಡಬ್ಬಿಯ ಚೀಲ. ಚೀಲದೊಳಗಿಂದ ಪರಿಚಯದ ವಾಸನೆ ಬಂತು. ಚಹಾ ಅಲ್ಲೇ ಬಿಟ್ಟು ಎದ್ದೆ. ಚೀಲವನ್ನು ಬೆರಳ ತುದಿಯಲ್ಲಿ ಹಿಡಿದು ಹಿತ್ತಲಿಗೆ ಓಡಿ ಉಸುಕಿನ ಬಕೆಟ್ಟಿನಲ್ಲಿ ಇಟ್ಟೆ. ನಮ್ಮದಕ್ಕಿಂತ ಹಳೆಯ ಬಾಟಲಿ, ಬಿರಡೆಯ ಬದಲು ಅರಿವೆಯ ಗಂಟು.

ಇದನ್ನು ಹೇಗೆ ತಂದೆ ಎಂದು ಕೇಳಿದೆ. ಬಸ್ಸಿನಲ್ಲಿ, ತೊಡೆಯ ಮೇಲೆ ಇಟ್ಟುಕೊಂಡು ಎಂದ. ರಾಮದುರ್ಗದಿಂದ ಇಲ್ಲಿಯ ತನಕ, ಸಂತೆಯ ದಿನ, ಅಷ್ಟು ಮಂದಿಯ ನಡುವೆ! ಯಾರಿಗಾದರೂ ಏನಾದರೂ ಆಯಿತೇನಪ್ಪಾ ಎಂದು ಕೇಳಿದೆ. ಆತ ಆರಾಮಾಗಿ ಟವೆಲ್ಲಿನಿಂದ ಮುಖ ಒರೆಸಿಕೊಂಡ.

"ಏನೂ ಆಗಿಲ್ರಿ ಸರ್. ಮೊದಲ ಭಾಳ ಗದ್ದಲ ಇತ್ತು, ನಿಂದರಾಕೂ ಜಾಗಾ ಇದ್ದಿದ್ದಿಲ್ಲ. ವಾಸನಿ ಬಂದಮ್ಯಾಲ ಒಬ್ಬೊಬ್ಬರ ಇಳಕೋತ ಹ್ವಾದ್ರು. ಯರಗಟ್ಟಿ ದಾಟೂದ್ರಾಗ ಬಸ್ಸಿನ್ಯಾಗ ನಾನು, ಕಂಡಕ್ಟರ್, ಡ್ರೈವರ್ ಮೂರ ಮಂದಿ. ಅವರಿಬ್ಬರದೂ ಮಾರಿ ಕಿಡಕಿ ಹೊರಗ."

ದೇವರೇ ಕಾಪಾಡಿದ ಎಂದು ಮೆಟ್ಟಿಲ ಮೇಲೆ ಕೂತೆ. ಆತ ಖಾಲಿ ಚೀಲ ಮಡಚಿ ಬಗಲಿಗೆ ಇಟ್ಟುಕೊಂಡು, ಹೊರಡುವ ಮುಂದೆ ನನ್ನ ಹತ್ತಿರ ಬಗ್ಗಿ, ಗುಟ್ಟು ಹೇಳುವವನ ಹಾಗೆ ಕೇಳಿದ:

"ಇನ್ನೊಂದ ಬಾಟ್ಲಿ ಐತ್ರಿ ಸರ್ ನಮ್ಮಲ್ಲಿ. ಯುಗಾದಿ ಮುಂದ ತರಲೇನ್ರಿ? ಹಬ್ಬದ ಗದ್ದಲದಾಗ ಸೀಟ ಸಿಗೂದಿಲ್ರಿ, ಹೆಂಡ್ತಿ ಮಕ್ಕಳನ್ನೂ ಕರಕೊಂಡ ಬರಬೇಕಾಗೇತಿ."