ಕೇಕಿನ ಮೇಲೆ ಆಕಾಶ ಹೊಡೆದದ್ದು

ಅಗ್ಗದ ವಸ್ತುಗಳನ್ನು ಆರಿಸಿ ಕೊಳ್ಳುವುದು ಒಂದು ವಿದ್ಯೆ, ಅದು ನನಗೆ ಒಲಿದಿದೆ ಎಂದು ನಾನು ಬಹುಕಾಲದಿಂದ ನಂಬಿದ್ದೇನೆ. ನಮ್ಮ ಮನೆಯಲ್ಲಿ ಈ ನಂಬಿಕೆ ಇರುವುದು ನನಗೊಬ್ಬನಿಗೇ. ಗೋಡೆಯ ಕಡೆಗೆ ಮಾತ್ರ ತಿರುಗುವ ಟೇಬಲ್ ಫ್ಯಾನು, ಮುಚ್ಚಿದರೆ ತೆಗೆಯಲಾಗದ ಫ್ಲಾಸ್ಕು, ಇವನ್ನೆಲ್ಲ ನನ್ನ ಹೆಂಡತಿ ಶಾರದ ಬಂದವರಿಗೆ ತೋರಿಸುತ್ತಾಳೆ, ಬೇರೆ ಮನೆಗಳಲ್ಲಿ ಮಕ್ಕಳ ಬಹುಮಾನದ ಕಪ್ಪು ತೋರಿಸಿದ ಹಾಗೆ.

ನಾನು ಯಸಳೂರಿನ ಹತ್ತಿರದ ಒಂದು ಎಸ್ಟೇಟಿನಲ್ಲಿ ರೈಟರು. ಆಳುಗಳ ಹಾಜರಿ ಹಾಕುವವನು. ಶಾರದ ಹಾಸನಕ್ಕೆ ಓಡಾಡಿ ಕೇಕು ಮಾಡಲು ಕಲಿತಿದ್ದಳು. ಅವಳಿಗೆ ಹೊರಗಿನಿಂದ ಬಂದ ಮೊದಲ ಆರ್ಡರು ಪಾಳ್ಯದ ರುದ್ರಪ್ಪನವರ ಮೊಮ್ಮಗಳ ಹುಟ್ಟುಹಬ್ಬದ್ದು. ಮೊಟ್ಟೆ ಕೂಡದು, ಮೇಲೆ ಮೋಡವಿರುವ ನೀಲಿ ಆಕಾಶ ಬೇಕು. ಇದು ಚೆನ್ನಾಗಿ ಬಂದರೆ ಅವರ ಬಳಗದವರೆಲ್ಲ ಆರ್ಡರು ಕೊಡುತ್ತಾರೆ, ಕೆಟ್ಟರೆ ಓವನ್ನು ಅಟ್ಟ ಸೇರುತ್ತದೆ. "ಆಕಾಶಕ್ಕೆ ಏರ್‌ಬ್ರಷ್ ಬೇಕು ರೀ," ಎಂದಳು. ಪೆನ್ನಿನಂಥ ಒಂದು ಸಾಧನವಂತೆ, ಹಿಂದಿನಿಂದ ಗಾಳಿ ಹೊಕ್ಕು ಮುಂದಿನಿಂದ ಬಣ್ಣ ಮಂಜಿನ ಹಾಗೆ ಬರುತ್ತದಂತೆ. ಎಸ್‌ಟಿಡಿ ಬೂತಿನಿಂದ ಬೆಂಗಳೂರಿನ ಅಂಗಡಿಗೆ ಫೋನು ಮಾಡಿದೆ. ಬೆಲೆ ಕೇಳಿ, "ಕೇಕೂ ಸೇರಿ ಅಷ್ಟೇನಪ್ಪ?" ಎಂದು ವಿಚಾರಿಸಿದೆ. ಆತ ಫೋನಿಟ್ಟ.

ಅಲ್ಲಿಂದ ನನ್ನ ಸಂಶೋಧನೆ ಆರಂಭವಾಯಿತು. ಆನೇಮಹಲ್‌ನಲ್ಲಿ ಸ್ಕೂಟರುಗಳಿಗೆ ಬಣ್ಣ ಹೊಡೆಯುವ ಗ್ಯಾರೇಜಿನವನು ಬಹಳ ಉತ್ಸಾಹ ತೋರಿಸಿದ. "ಕೇಕ್ ತಂದು ಇಟ್ಟೋಗಿ ಸಾರ್. ಪ್ರೈಮರ್ ಹೊಡ್ದು ಕೊಡ್ತೀನಿ. ಮಳೇಲಿ ನಿಲ್ಸಿದ್ರೂ ತುಕ್ಕು ಹಿಡಿಯಾಕಿಲ್ಲ." ಕ್ಷೌರದಂಗಡಿಯಲ್ಲಿ ತಲೆಗೆ ನೀರು ಚಿಮುಕಿಸುವ ಬಾಟಲಿಯನ್ನೂ ಪರೀಕ್ಷಿಸಿದೆ. ಅದರಿಂದ ಬಂದದ್ದು ಆಕಾಶವಲ್ಲ, ಮೈಮೇಲೆ ಅಮ್ಮ ಎದ್ದ ಹಾಗೆ ಬೊಟ್ಟುಬೊಟ್ಟು. ಕೊನೆಗೆ ಸಕಲೇಶಪುರದ ಗೊಬ್ಬರದ ಅಂಗಡಿಯಲ್ಲಿ ನನ್ನ ವಿದ್ಯೆ ಕೈಹಿಡಿಯಿತು: ಗುಲಾಬಿ ಗಿಡಕ್ಕೆ ಔಷಧಿ ಹೊಡೆಯುವ ಪುಟ್ಟ ಕೈಪಂಪು. ಹೊಚ್ಚ ಹೊಸದು, ಡಬ್ಬಿಯನ್ನೇ ಒಡೆದಿರಲಿಲ್ಲ.

"ಗೊಬ್ಬರದ ಅಂಗ್ಡಿಯಿಂದ ಕೇಕಿಗೆ ಸಾಮಾನು ತಂದೋರು ನೀವೊಬ್ರೇ ಇರ್ಬೇಕು," ಎಂದಳು ಶಾರದ. ಪಂಪಿಗೆ ಬಿಸಿನೀರು, ಸೋಪು, ಮತ್ತೆ ಬಿಸಿನೀರು, ಹೀಗೆ ಬಾಣಂತಿಗೆ ಮಾಡುವ ಉಪಚಾರವೆಲ್ಲ ನಡೆಯಿತು. ಬಳಿಕ ತಿನ್ನುವ ನೀಲಿ ಬಣ್ಣವನ್ನು ನಾನೇ ತುಂಬಿ, ಉಸಿರು ಬಿಗಿಹಿಡಿದು ಹೊಡೆದೆ. ಬಿಳಿ ಕ್ರೀಮಿನ ಮೇಲೆ ಎಂಥ ನೀಲಿ! ಎಲ್ಲೂ ಹೆಚ್ಚಿಲ್ಲ, ಎಲ್ಲೂ ಕಡಿಮೆಯಿಲ್ಲ. ಶಾರದ ನನ್ನ ನೀಲಿಯನ್ನು ತಿದ್ದದೆ ಅದರ ಮೇಲೇ ಬಿಳಿ ಮೋಡಗಳನ್ನಿಟ್ಟಳು. ನಮ್ಮ ಮನೆಯಲ್ಲಿ ಇದಕ್ಕಿಂತ ದೊಡ್ಡ ಪ್ರಶಸ್ತಿ ಇಲ್ಲ.

ಪಾಳ್ಯದಲ್ಲಿ ಡಬ್ಬ ತೆರೆದಾಗ ನೆಂಟರೆಲ್ಲ ಸುತ್ತುವರಿದರು. "ಮೊಟ್ಟೆ ಹಾಕಿಲ್ಲ ತಾನೇ?" ಎಂದು ರುದ್ರಪ್ಪನವರ ಹೆಂಡತಿ ಕೇಳಿ ಸಮಾಧಾನಪಟ್ಟರು. ರುದ್ರಪ್ಪನವರು ಕನ್ನಡಕ ಹಾಕಿಕೊಂಡು ಬಗ್ಗಿದರು. ಈ ಕಡೆ ಕಾಫಿ, ಮೆಣಸು ಇರುವವರೆಲ್ಲ ಮಳೆಗೆ ಮುಂಚೆ ಮೈಲುತುತ್ತಕ್ಕೆ ಸುಣ್ಣ ಬೆರೆಸಿ ಗಿಡಗಳಿಗೆ ಹೊಡೆಯುತ್ತಾರೆ. ಅದೇ ಬೋರ್ಡೋ, ಕೊಳೆರೋಗದ ಔಷಧಿ. ಎಲೆಯ ಮೇಲೆ ಒಂದು ನೀಲಿ ಕೂರುತ್ತದೆ; ಅದನ್ನು ಮುಟ್ಟಬಾರದೆಂದು ತೊಟ್ಟಿಲ ಕೂಸಿಗೂ ಗೊತ್ತು. ನಾನು ಕೇಕಿನ ಮೇಲೆ ಕೂರಿಸಿದ್ದು ಸಾಕ್ಷಾತ್ ಆ ನೀಲಿಯನ್ನೇ.

"ರೈಟ್ರೇ, ಬೋರ್ಡೋ ಬಾಳ ಸಮವಾಗಿ ಕೂತೈತೆ. ಸುಣ್ಣ ಎಷ್ಟು ಬುಟ್ರಿ?" ಎಂದರು ರುದ್ರಪ್ಪನವರು.

"ಬೋರ್ಡೋ ಅಲ್ಲ ಸ್ವಾಮಿ, ತಿನ್ನೋ ಬಣ್ಣ."

"ಯಾವುದ್ರಲ್ಲಿ ಹೊಡುದ್ರಿ?"

"ಔಷಧಿ ಪಂಪಿನಲ್ಲಿ," ಎಂದೆ. ಸತ್ಯವಂತನಾಗಿರಲು ಇನ್ನೊಂದು ದಿನ ಸಿಗುತ್ತಿರಲಿಲ್ಲವೇ?

ಕೇಕು ಕತ್ತರಿಸಿದ್ದಾಯಿತು. ಕೊಟ್ಟ ತಟ್ಟೆಗಳು ಕೊಟ್ಟ ಹಾಗೇ ಮೇಜಿಗೆ ಮರಳಿದವು. "ನಂಗೆ ಸಕ್ಕರೆ ಕಾಯಿಲೆ ಐತೆ ಕಣವ್ವ," ಎಂದರೊಬ್ಬರು, ಇನ್ನೊಂದು ಕೈಯಲ್ಲಿ ಲಾಡು ಹಿಡಿದುಕೊಂಡೇ. ಶಾರದ ನನ್ನ ಕಡೆ ತಿರುಗಿದಳು. ಅವಳ ಮುಖದಲ್ಲಿ ಓವನ್ನು ಅಟ್ಟದ ಏಣಿ ಹತ್ತುತ್ತಿತ್ತು.

"ನೀವೇ ತಿನ್ರಿ," ಎಂದಳು.

ತಿಂದೆ. ದೊಡ್ಡ ತುಂಡನ್ನೇ ತಿಂದೆ. "ತಡೀರಿ, ಒಂದು ಗಳಿಗೆ ನೋಡನ," ಎಂದರು ರುದ್ರಪ್ಪನವರು. ಕಾಂಡಕೊರಕ ಹುಳು ಬಿದ್ದ ಗಿಡವನ್ನು ನೋಡುವಂತೆ ಎಲ್ಲರೂ ನನ್ನನ್ನೇ ನೋಡುತ್ತ ನಿಂತರು. ನಾನು ನೀರು ಕೇಳಿದೆ. ಇಬ್ಬರು ಹೆಂಗಸರು ಶಿವಶಿವಾ ಎಂದರು. ನೀರು ಕುಡಿದು ತುಟಿ ಸವರಿಕೊಂಡಾಗ ಒಂದು ಪುಟ್ಟ ಹುಡುಗಿ ಕಿರುಚಿದಳು: "ಮಾಮನ ನಾಲ್ಗೆ ನೀಲಿ ಆಗ್ಬುಟ್ಟೈತೆ! ನಂಗೂ ಬೇಕು!"

ಇನ್ನು ಆ ಮಕ್ಕಳನ್ನು ತಡೆಯುವವರು ಯಾರು? ನಾಲಗೆ ಚಾಚುವ ಪಂದ್ಯವೇ ಶುರುವಾಯಿತು. ತಡೆಯಲು ಬಂದ ತಾಯಂದಿರು ಬೆರಳು ನೆಕ್ಕಿ ಅಲ್ಲೇ ನಿಂತರು. ಲಾಡು ಹಿಡಿದವರ ಸಕ್ಕರೆ ಕಾಯಿಲೆಯೂ ವಾಸಿಯಾಯಿತು.

"ಚೆನ್ನಾಗೈತೆ ಕಣವ್ವ," ಎಂದರು ರುದ್ರಪ್ಪನವರ ಹೆಂಡತಿ. "ನಮ್ ಮಗಳ ಮನೇಗೂ ಒಂದು ಮಾಡ್ಕೊಡು. ಬಿಳೀದೇ ಇರ್ಲಿ."

ಶಾರದಳ ಮುಖ ಅರಳಿತು. ರುದ್ರಪ್ಪನವರು ಮಾತ್ರ ಇನ್ನೂ ಕೇಕಿನ ಖಾಲಿ ಹಲಗೆಯ ಅಂಚಿನ ನೀಲಿಯನ್ನು ಪರೀಕ್ಷಿಸುತ್ತಿದ್ದರು.

"ಅಂಗೇ ರೈಟ್ರುನ್ನೂ ಕಳ್ಸವ್ವ. ಮೆಣಸಿನ ಬಳ್ಳಿಗೆ ನಮ್ಮೋರು ಹೊಡುದ್ರೆ ಒಂದ್ಕಡೆ ಬಿದ್ರೆ ಒಂದ್ಕಡೆ ಇಲ್ಲ. ಇವರ ಕೈ ಸಮ ಐತೆ."

ನಾನು ಕಲಾವಿದ, ಬಳ್ಳಿಗೆ ಪಂಪು ಹೊಡೆಯುವವನಲ್ಲ ಎಂದು ಗಂಭೀರವಾಗಿ ಹೇಳಲು ಬಾಯಿ ತೆರೆದೆ. ನಾಲಗೆ ಕಂಡ ಮಕ್ಕಳೆಲ್ಲ ಹೋ ಎಂದು ನಕ್ಕು ಮಾತು ಮುಳುಗಿಸಿದರು. ಆ ಗದ್ದಲದ ನಡುವೆಯೇ ಶಾರದಳ ದನಿ ಸ್ಪಷ್ಟವಾಗಿ ಕೇಳಿಸಿತು:

"ಭಾನುವಾರ ಕಳಿಸ್ತೀನಿ ಅಜ್ಜ. ಪಂಪು ಅವರದೇ ಐತೆ."