ಐದು ದಿನ ಹೊರಗೆ ಹೋಗದ ಕೋಡಂಗಿ ಮೀನಿಗೆ

ಗೆ,
ಗುಂಡನವರು,
ಕಿತ್ತಳೆ ಮೈ, ಮೂರು ಬಿಳಿ ಪಟ್ಟೆ,
ಪಂಪಿನ ಹಿಂಭಾಗ, ಉಪ್ಪುನೀರಿನ ತೊಟ್ಟಿ,
ಅಕ್ಕನ ಮನೆಯ ನಡುಕೋಣೆ.

ಮಾನ್ಯರೇ,

ತಾವೂ, ತಮಗೆ ಆಶ್ರಯ ಕೊಟ್ಟು ಹಗಲಿಡೀ ಬೆರಳಾಡಿಸುತ್ತ ನಿಂತಿರುವ ಆ ಹೂವಿನಂಥ ಪ್ರಾಣಿಯೂ, ತಮ್ಮಿಬ್ಬರನ್ನೂ ಹೊತ್ತಿರುವ ಆ ಕಲ್ಲೂ ಕ್ಷೇಮವೆಂದು ಭಾವಿಸುತ್ತೇನೆ. ಭಾವಿಸುತ್ತೇನೆ ಎಂದದ್ದು ಬರೀ ಉಪಚಾರಕ್ಕೆ. ಕಳೆದ ವಾರವೆಲ್ಲ ತಮ್ಮ ಕ್ಷೇಮವನ್ನು, ಅದರಲ್ಲೂ ವಿಶೇಷವಾಗಿ ಅದರ ಹಿಂಭಾಗವನ್ನು, ಭೂತಗನ್ನಡಿ ಹಿಡಿದು ನೋಡಿದವನು ನಾನೇ ಆದ್ದರಿಂದ ಈ ವಿಷಯದಲ್ಲಿ ನನಗಿಂತ ಹೆಚ್ಚು ಬಲ್ಲವರು ಸದ್ಯಕ್ಕೆ ಭೂಮಿಯ ಮೇಲೆ ಇರಲಾರರು.

ನನ್ನ ಪರಿಚಯ ತಮಗೆ ಇರಲಿಕ್ಕಿಲ್ಲ. ಇದ್ದರೂ ಗಾಜಿನಾಚೆಯ ದೊಡ್ಡದೊಂದು ಮೂಗು ಎಂಬಷ್ಟೇ ಇದ್ದೀತು. ತಮ್ಮನ್ನು ಸಾಕಿರುವ ಅಕ್ಕನ ತಮ್ಮ ನಾನು. ನಗರದ ಒಳಚರಂಡಿ ಕಚೇರಿಯ ದೂರು ವಿಭಾಗದಲ್ಲಿ ಹತ್ತೊಂಬತ್ತು ವರ್ಷಗಳಿಂದ ಗುಮಾಸ್ತನಾಗಿದ್ದೇನೆ. ಎಲ್ಲಿ ಏನು ಕಟ್ಟಿಕೊಂಡರೂ ಅದನ್ನು 'ಹರಿವಿಗೆ ಅಡಚಣೆ' ಎಂದು ಸಭ್ಯವಾಗಿ ಬರೆದುಕೊಂಡು, ಮೂರು ಕೆಲಸದ ದಿನಗಳೊಳಗೆ ಕ್ರಮ ಜರುಗಿಸಲಾಗುವುದೆಂದು ಉತ್ತರ ಕೊಡುವುದು ನನ್ನ ವೃತ್ತಿ. ಹೊಲಸು ಮಾತು ನನ್ನ ಬಾಯಲ್ಲಿ ಎಂದೂ ಬಂದದ್ದಿಲ್ಲ. ಈ ಒಳ್ಳೆಯ ಗುಣವೇ ತಮ್ಮ ಪ್ರಾಣಕ್ಕೆ ಸಂಚಕಾರ ತರುತ್ತದೆಂದು ನಾನಾದರೂ ಹೇಗೆ ಊಹಿಸಲಿ?

ಕಳೆದ ಸೋಮವಾರ ಅಕ್ಕ ಹೊಟ್ಟೆಯ ಆಪರೇಷನ್ನಿಗೆಂದು ಆಸ್ಪತ್ರೆ ಸೇರಿದಾಗ, ಭಾವನ ಕೈಗೆ ಮನೆಯ ಬೀಗದ ಕೈಯನ್ನೂ ನನ್ನ ಕೈಗೆ ತಮ್ಮನ್ನೂ ಒಪ್ಪಿಸಿದಳು. "ನಿಮ್ಮ ಭಾವನ್ನ ನಂಬಿ ಒಂದು ತುಳಸಿ ಗಿಡಾನೂ ಬಿಡೋಕಾಗಲ್ಲ, ನೀನೇ ಬಂದಿರು. ನಾನು ವಾಪಸ್ ಬಂದಾಗ ಗುಂಡ ಇಲ್ಲ ಅಂದ್ರೆ ನೀನೂ ಇರ್ಬೇಡ" ಎಂದಳು. ಆಪರೇಷನ್ನು ಚೆನ್ನಾಗಿಯೇ ಆಯಿತು. ಆದರೆ ಬುಧವಾರದ ಹೊತ್ತಿಗೆ ತಮ್ಮ ಹೊಟ್ಟೆ ಹೆಸರಿಗೆ ತಕ್ಕಂತೆ ಗುಂಡಗಾಗಿತ್ತು. ಮೀನಿನ ಹೆಜ್ಜೆಯನ್ನು ಕಂಡವರಿಲ್ಲ ಎನ್ನುತ್ತಾರೆ. ನನಗೆ ಹೆಜ್ಜೆ ಬೇಕಾಗಿರಲಿಲ್ಲ, ಬೇಕಾಗಿದ್ದದ್ದೂ ಕಾಣಲಿಲ್ಲ.

ಕೂಡಲೇ ಮೀನಿನಂಗಡಿಯವರಿಗೆ ಫೋನ್ ಮಾಡಿ, ನನ್ನ ಸಂಸ್ಕಾರಕ್ಕೆ ತಕ್ಕ ಮಾತಿನಲ್ಲಿ, ನಮ್ಮ ಮೀನು ಎರಡು ದಿನದಿಂದ ಹೊರಗೆ ಹೋಗಿಲ್ಲವೆಂದು ತಿಳಿಸಿದೆ. ಅವರು, "ಒಳ್ಳೇದೇ ಆಯ್ತಲ್ಲ ಸಾರ್. ಮೀನು ಹೊರಗೆ ಹೋದ್ರೆ ಕಥೆ ಮುಗೀತು. ಮೇಲೆ ಮುಚ್ಚಳ ಭದ್ರವಾಗಿದೆ ತಾನೆ?" ಎಂದರು. ತಜ್ಞರ ಮಾತು, ಮೀರುವುದು ಹೇಗೆ? ನಾನು ಓದುತ್ತಿದ್ದ ಆರುನೂರು ಪುಟದ ಅನುವಾದಿತ ಕಾದಂಬರಿಯನ್ನು ತೊಟ್ಟಿಯ ಮುಚ್ಚಳದ ಮೇಲೆ ಹೇರಿದೆ. ಮೂರು ತಲೆಮಾರಿನ ಆ ಕಥೆಯಲ್ಲಿ ಒಬ್ಬರೇ ಒಬ್ಬರೂ, ಒಂದೇ ಒಂದು ಸಲವೂ ಹೊರಗೆ ಹೋಗುವುದಿಲ್ಲ, ಆದರೂ ಎಲ್ಲರೂ ದೀರ್ಘಾಯುಷಿಗಳು. ಅದರಿಂದ ನನಗೆ ತುಸು ಸಮಾಧಾನವಾಯಿತು, ತಮಗೆ ಆಗಲಿಲ್ಲ.

ಗುರುವಾರ ತಾವು ಪಂಪಿನ ಹಿಂದೆ ಸೇರಿಕೊಂಡು, ಬಾಯಿಗೆ ಹಾಕಿಕೊಂಡ ಆಹಾರವನ್ನು ಉಗಿಯತೊಡಗಿದಿರಿ. ಕಚೇರಿಯಿಂದ ಮತ್ತೆ ಫೋನ್ ಮಾಡಿದೆ. ಹೊರಗೆ ಹೋಗುವುದೆಂದರೆ ಆ ಹೊರಗಲ್ಲ ಎಂದೆ. ಎರಡಕ್ಕೆ ಎಂದೆ; ಎರಡು ಮೀನಿಗೆ ಎಷ್ಟು ದೊಡ್ಡ ತೊಟ್ಟಿ ಬೇಕೆಂದು ಅವರು ವಿವರಿಸತೊಡಗಿದರು. ವಿಸರ್ಜನೆ ಎಂದೆ, ಅದಿನ್ನೂ ಬದುಕಿದೆಯಲ್ಲ ಸಾರ್ ಎಂದರು. ಕೊನೆಗೆ ಹತ್ತೊಂಬತ್ತು ವರ್ಷದ ಸಭ್ಯತೆಯನ್ನು ಗಾಳಿಗೆ ತೂರಿ, ನನ್ನ ಮೇಜಿನೆದುರು ಸಾಲುಗಟ್ಟಿದ್ದ ದೂರುದಾರರೆಲ್ಲ ಬೆಚ್ಚಿಬೀಳುವಂತೆ, "ಮೀನು ಕಕ್ಕ ಮಾಡ್ತಿಲ್ಲ!" ಎಂದು ಕಿರುಚಿದೆ. ಸಾಲಿನ ಮುಂದಿದ್ದ ಹೆಂಗಸು, "ನಮ್ಮ ಬೀದಿದೂ ಹಾಗೇ ಕಟ್ಕೊಂಡಿದೆ ಸಾರ್, ಅದನ್ನೂ ಬರ್ಕೊಳ್ಳಿ" ಎಂದರು.

ಅಂಗಡಿಯವರು ಆಮೇಲೆ ನಿಜವಾದ ವೈದ್ಯರಂತೆ ವಿಚಾರಿಸಿದರು. "ಉಸಿರು ಜೋರಾಗಿದೆಯಾ? ಇಲ್ವಾ, ಸರಿ. ತಿಂದ ಬಣ್ಣದ್ದೇ ಬಂದ್ರೆ ಚಿಂತೆ ಬೇಡ. ಬೆಳ್ಳಗೆ ದಾರದ ಹಾಗೆ ನೇತಾಡಿದ್ರೆ ಹೊಟ್ಟೇಲಿ ಹುಳ ಇರಬಹುದು. ಈಗಲೇ ತೊಟ್ಟಿಗೆ ಮದ್ದು ಸುರೀಬೇಡಿ, ಆ ಹೂವಿನ ಪ್ರಾಣಿ ಸತ್ತೇಹೋಗುತ್ತೆ. ಎರಡು ದಿನ ಉಪವಾಸ ಹಾಕಿ ನೋಡಿ" ಎಂದರು. ಅಂದು ಸಂಜೆಯೇ ತಮ್ಮ ಹಿಂದೆ ಬೆಳ್ಳನೆಯ ದಾರವೊಂದು ತೇಲಾಡಿದ್ದು ಕಂಡು ಹನ್ನೊಂದು ಫೋಟೊ ತೆಗೆದು ಕಳಿಸಿದೆ. "ಸಾರ್, ಇದು ಬಟ್ಟೆ ದಾರ. ತುದೀಲಿ ಗಂಟಿದೆ ನೋಡಿ" ಎಂದು ಉತ್ತರ ಬಂತು. ಗಾಜು ಒರೆಸಲು ತೊಟ್ಟಿಯೊಳಗೆ ಇಳಿಬಿಟ್ಟಿದ್ದ ನನ್ನ ಕರವಸ್ತ್ರವನ್ನು ಆ ಬಳಿಕ ಜೇಬಿನಲ್ಲಿ ಮಡಚಿಟ್ಟಿದ್ದೇನೆ.

ಉಪವಾಸವೇನೋ ಆರಂಭವಾಯಿತು. ತೊಟ್ಟಿಯ ಪಕ್ಕದಲ್ಲಿ ನಾನು ಒಂದು ರಿಜಿಸ್ಟರನ್ನೂ ಇಟ್ಟೆ: ದಿನಾಂಕ, ವೇಳೆ, ಒಳಗೆ ಹೋದದ್ದು, ಹೊರಗೆ ಬಂದದ್ದು, ಷರಾ. ಶುಕ್ರವಾರ ಒಳಗೆ ಹೋದದ್ದು 'ಇಲ್ಲ' ಎಂದು ಬರೆದು ತಲೆಯೆತ್ತಿದರೆ ನೀರಿನ ಮೇಲೆ ಆಹಾರದ ಚೂರುಗಳು ತೇಲುತ್ತಿದ್ದವು. ಭಾವನನ್ನು ಕರೆದು ಕೇಳಿದೆ. ಆಸ್ಪತ್ರೆಗೆ ಹೊರಡುವಾಗ ಒಂದು ಚಿಟಿಕೆ, ಬಂದಮೇಲೆ ಒಂದು ಚಿಟಿಕೆ, ಅಕ್ಕನ ನೆನಪಾದಾಗಲೆಲ್ಲ ಒಂದೊಂದು ಚಿಟಿಕೆ ಹಾಕುತ್ತಿದ್ದರಂತೆ. "ಪಾಪ ಕಣೋ, ನನ್ನ ನೋಡಿದ ತಕ್ಷಣ ಬಾಯಿಬಾಯಿ ಬಿಡ್ತಾನೆ" ಎಂದರು. "ಭಾವ, ಮೀನು ಬಾಯಿ ಬಿಡೋದು ಉಸಿರಾಡೋಕೆ" ಎಂದೆ. ಅವರು ತಮ್ಮನ್ನೇ ನೋಡುತ್ತ ನಿಂತು, "ಇಷ್ಟು ವರ್ಷ ಹೇಳ್ಬಾರ್ದಿತ್ತಾ" ಎಂದರು. ಅದನ್ನು ಕೇಳಿದ್ದು ನನ್ನನ್ನೋ ತಮ್ಮನ್ನೋ ತಿಳಿಯಲಿಲ್ಲ. ಕೊಟ್ಟವನು ಕೋಡಂಗಿ ಎಂಬ ಗಾದೆಯನ್ನು ಚಿಕ್ಕಂದಿನಿಂದ ಕೇಳಿದ್ದೆ. ಇಸಕೊಂಡವನೂ ಕೋಡಂಗಿಯೇ ಆಗಿರುವುದನ್ನು ತಮ್ಮಲ್ಲಿಯೇ ಮೊದಲು ನೋಡಿದ್ದು.

ಮಾನ್ಯರೇ, ಆ ದಿನಗಳಲ್ಲಿ ಅಕ್ಕನ ಸ್ಥಿತಿಯೂ ತಮ್ಮದಕ್ಕಿಂತ ಬೇರೆಯಾಗಿರಲಿಲ್ಲ. ಹೊರಗೆ ಹೋಗುವವರೆಗೂ ಮನೆಗೆ ಕಳಿಸುವುದಿಲ್ಲವೆಂದು ಡಾಕ್ಟರು ಹಟ ಹಿಡಿದಿದ್ದರು. ಮನೆಗೆ ಬಂದು ಗುಂಡನನ್ನು ಕಣ್ಣಾರೆ ನೋಡುವವರೆಗೆ ತನಗೆ ಏನೂ ಹೊರಡುವುದಿಲ್ಲವೆಂದು ಅಕ್ಕ ಹಟ ಹಿಡಿದಿದ್ದಳು. ದಿನಾ ಬೆಳಿಗ್ಗೆ ಫೋನ್ ಮಾಡಿ "ಅವನಿಗೆ ಆಯ್ತಾ?" ಎನ್ನುವಳು, "ನಿನಗೆ ಆಯ್ತಾ?" ಎನ್ನುವೆನು, ಇಬ್ಬರೂ ನಿಟ್ಟುಸಿರು ಬಿಟ್ಟು ಫೋನ್ ಇಡುವೆವು. ಶನಿವಾರ ಅವಳು ಏನೂ ಕೇಳಲೇ ಇಲ್ಲ. "ಪಂಪಿನ ಸದ್ದು ಕೇಳಿಸೋ ಹಾಗೆ ಫೋನನ್ನ ತೊಟ್ಟಿ ಹತ್ರ ಹಿಡಿ" ಎಂದಳು. ಕೈ ಜೋಮು ಹಿಡಿಯುವವರೆಗೆ ಹಿಡಿದೆ.

ಭಾನುವಾರ ಬೆಳಿಗ್ಗೆ ಏಳು ಹತ್ತಕ್ಕೆ ತಾವು ಪಂಪಿನ ಹಿಂದಿನಿಂದ ಬಂದು, ನನ್ನ ಮೂಗಿನ ನೇರಕ್ಕೆ ನಿಂತು, ಒಮ್ಮೆ ಮೈ ಅಲುಗಿಸಿದಿರಿ. ಕಂದು ಬಣ್ಣ, ಗಟ್ಟಿ, ಗಿಡ್ಡ, ನೇರವಾಗಿ ತಳ ಸೇರಿತು. ರಿಜಿಸ್ಟರಿನ ಷರಾ ಕಾಲಮಿನಲ್ಲಿ ನಾನು ಬರೆದದ್ದು 'ಅಮೋಘ' ಎಂಬ ಒಂದೇ ಪದ. ಆಸ್ಪತ್ರೆಯಲ್ಲಿದ್ದ ಭಾವನಿಗೆ ಫೋನ್ ಮಾಡಿ "ಆಯ್ತು ಭಾವ, ಆಯ್ತು! ಹೊರಗೆ ಆಯ್ತು!" ಎಂದು ಕೂಗಿದೆ. ಭಾವ ಆ ಸಂತೋಷವನ್ನು ಹೊಟ್ಟೆಯಲ್ಲಿಟ್ಟುಕೊಳ್ಳಲಾರದೆ, ವಾರ್ಡಿನ ಓಣಿಯುದ್ದಕ್ಕೂ "ಆಯ್ತಂತೆ! ಏಳು ಹತ್ತಕ್ಕೆ ಆಯ್ತಂತೆ! ಗಟ್ಟಿಯಾಗೇ ಆಯ್ತಂತೆ!" ಎಂದು ಸಾರುತ್ತ ಹೋದರು. ಎದುರಿಗೆ ಬಂದ ನರ್ಸಮ್ಮ "ಅಬ್ಬ, ಅಂತೂ ಆಯ್ತಲ್ಲ" ಎಂದು ಅಕ್ಕನ ಹಾಳೆಯಲ್ಲಿ ವೇಳೆಸಮೇತ ಬರೆದುಕೊಂಡರು. ಡಾಕ್ಟರು ಹಾಳೆ ನೋಡಿ ತಲೆದೂಗಿದರು. ಅಕ್ಕ ಎಲ್ಲವನ್ನೂ ನೋಡುತ್ತಿದ್ದು ತುಟಿ ಬಿಚ್ಚಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಮನೆಯಲ್ಲಿದ್ದಳು.

ಹೀಗೆ ತಾವು ಒಂದೇ ಪ್ರಯತ್ನದಲ್ಲಿ ಎರಡು ಜೀವಗಳಿಗೆ ಬಿಡುಗಡೆ ಕೊಡಿಸಿದ್ದೀರಿ. ನಮ್ಮ ಇಲಾಖೆಯ ಇತಿಹಾಸದಲ್ಲಿ ಇಂಥ ಸಾಧನೆಯ ದಾಖಲೆ ಇಲ್ಲ. ಆದರೂ ದೂರು ದೂರೇ. ಇನ್ನು ಮುಂದೆ ಹರಿವಿಗೆ ಅಡಚಣೆ ಉಂಟಾಗುವ ಸೂಚನೆ ಇದ್ದಲ್ಲಿ ಮೂರು ಕೆಲಸದ ದಿನ ಮುಂಚಿತವಾಗಿ, ಲಿಖಿತವಾಗಿ, ಒದ್ದೆಯಾಗದ ಕಾಗದದ ಮೇಲೆ ತಿಳಿಸತಕ್ಕದ್ದು. ಕಾರ್ಯಕ್ರಮವನ್ನು ಪಂಪಿನ ಹಿಂದೆ ಇಟ್ಟುಕೊಳ್ಳದೆ ಸಾರ್ವಜನಿಕರಿಗೆ ಕಾಣುವಂತೆ ಏರ್ಪಡಿಸತಕ್ಕದ್ದು. ಉಸಿರಾಡುವಾಗ ಬಾಯಿ ತೆರೆಯುವ ಅಭ್ಯಾಸವನ್ನು, ಕನಿಷ್ಠಪಕ್ಷ ಭಾವ ಎದುರಿಗಿರುವಾಗ, ಕೈಬಿಡತಕ್ಕದ್ದು. ಈ ಪತ್ರದಲ್ಲಿ ತಪ್ಪೇನಾದರೂ ಇದ್ದರೆ ಹೊಟ್ಟೆಗೆ ಹಾಕಿಕೊಳ್ಳಿ ಎಂದು ಕೇಳುವುದು ವಾಡಿಕೆ. ನಾನು ಕೇಳುವುದಿಲ್ಲ. ದಯವಿಟ್ಟು ಇನ್ನೇನನ್ನೂ ಹೊಟ್ಟೆಗೆ ಹಾಕಿಕೊಳ್ಳಬೇಡಿ.

ತಮ್ಮ ಹಿಂದೆ ಸದಾ ನಿಂತಿರುವ,
ತಮ್ಮ ವಿಶ್ವಾಸಿ,
ದೂರು ವಿಭಾಗದ ಗುಮಾಸ್ತ

ಮರೆತಿದ್ದ ಮಾತು: ಮನೆಗೆ ಬಂದ ಅಕ್ಕ ತಮ್ಮೆದುರು ಕುರ್ಚಿ ಹಾಕಿಕೊಂಡು ಅರ್ಧ ಗಂಟೆ ಕೂತಿದ್ದು, ಆಮೇಲೆ ಅವಸರವಾಗಿ ಎದ್ದು ಹೋದಳು. ರಿಜಿಸ್ಟರಿನಲ್ಲಿ ತಮ್ಮ ಹೆಸರಿನ ಕೆಳಗೆ ಒಂದು ಸಾಲು ಸೇರಿಸಿದ್ದೇನೆ: ಸಂಜೆ ನಾಲ್ಕು ಇಪ್ಪತ್ತು, ಅಕ್ಕ, ಅಮೋಘ. ಅವಳು ಬಂದದ್ದೇ ಕೇಳಿದ ಮೊದಲ ಪ್ರಶ್ನೆ ಮಾತ್ರ, "ಗುಂಡ ಯಾಕೋ ಇಷ್ಟು ಸೊರಗಿದ್ದಾನೆ? ಅವನಿಗೆ ಸರಿಯಾಗಿ ಊಟ ಹಾಕಿಲ್ವಾ ನೀನು?"