ರೆಕ್ಕೆಯ ಕೋಶಗಳು ನಮ್ಮಪ್ಪನ ಪಕ್ಷ ಸೇರಿದ ಬಗ್ಗೆ

ಹಣ್ಣುನೊಣದ ರೆಕ್ಕೆಯಲ್ಲಿ ಸುಖವಾಸಿಗಳಾಗಿರುವ ಮಾನ್ಯ ಜೀವಕೋಶಗಳೇ,

ಹೈದರಾಬಾದಿನ ಪ್ರಯೋಗಾಲಯವೊಂದರಲ್ಲಿ ತಮ್ಮ ಸೇವೆ ಮಾಡುತ್ತ, ದಿನವೂ ನೊಣಗಳಿಗಿಡುವ ಹುಳಿ ಗಂಜಿಯ ವಾಸನೆ ಹೊತ್ತು ಮನೆಗೆ ಮರಳುವ ಸಂಶೋಧನಾ ವಿದ್ಯಾರ್ಥಿನಿ ಗುರುದೇವಿಯ ವಿನಮ್ರ ನಮಸ್ಕಾರಗಳು. ಮೊದಲು ಎಲ್ಲರೂ ಒಂದೇ ತರಹ ಕುಳಿತಿರುವ ತಾವು ಅಕ್ಕಪಕ್ಕದವರ ಸಂದೇಶ ಕೇಳಿಕೊಂಡು, ಒಬ್ಬರು ರೆಕ್ಕೆಯ ಅಂಚು, ಒಬ್ಬರು ನರ, ಇನ್ನೊಬ್ಬರು ರೋಮ ಎಂದು ತಂತಮ್ಮ ಬಾಳನ್ನು ತೀರ್ಮಾನಿಸಿಕೊಳ್ಳುವ ಪರಿ ಪ್ರಶಂಸನೀಯ. ನನ್ನ ಬಾಳನ್ನೂ ತೀರ್ಮಾನಿಸಿರೆಂದು ಮಾತ್ರ ನಾನು ಅರ್ಜಿ ಹಾಕಿರಲಿಲ್ಲ.

ಸನತ್‌ನಗರದ ನಮ್ಮ ಓಣಿಯಲ್ಲಿ ಈಗ ಮನೆಮನೆಯಲ್ಲೂ ಕಂಪ್ಯೂಟರಿನ ಜಾವಾ ಕೋರ್ಸು. ಪಕ್ಕದ ಮನೆಯ ಪರಮೇಶ ಮಾಮಾ ಕಿವಿಯಲ್ಲಿ ಊದಿದ್ದರಿಂದ ನಮ್ಮಪ್ಪ ಅಮೃತಪ್ಪನವರು ನೊಣದ ಕೆಲಸ ಬಿಡಿಸಿ ನನ್ನ ಹೆಸರನ್ನೂ ಅದಕ್ಕೇ ಬರೆಸಲು ಹೊರಟರು. "ಒಮ್ಮೆ ನನ್ನ ಕೆಲಸ ನೋಡ್ರಿ ಅಪ್ಪಾ, ಆಮ್ಯಾಲೆ ಹೇಳ್ರಿ" ಎಂದು ಅತ್ತು ಕರೆದು ಲ್ಯಾಬಿಗೆ ಕರೆತಂದೆ.

ಕೋಶಗಳ ನಡುವಿನ ಸಂದೇಶವನ್ನು ನಾನೇ ತಡೆದಿದ್ದ ನೊಣವೊಂದನ್ನು ಸೂಕ್ಷ್ಮದರ್ಶಕದಡಿ ಇಟ್ಟೆ. ನಾನು ಊಹಿಸಿದಂತೆಯೇ ರೆಕ್ಕೆಯ ಅಂಚು ಇಲಿ ಕಡಿದಂತೆ ಹರಿದಿತ್ತು. ಕುಣಿದಾಡಿದೆ. ಅಪ್ಪ ಕಣ್ಣು ಕಿರಿದು ಮಾಡಿ, "ಮಗ್ಗಲಿನವರ ಮಾತು ಕೇಳದಿದ್ರ ಹಿಂಗಾಗತೈತಿ ನೋಡವ್ವಾ. ಪರಮೇಶ ಹೇಳಿದ್ದು ಖರೇ ಐತಿ" ಎಂದರು. ಮಹನೀಯರೇ, ಇಷ್ಟು ವರ್ಷ ನಾನು ಬೇಯಿಸಿಟ್ಟ ಮೆಕ್ಕೆಜೋಳದ ಗಂಜಿ ಉಂಡು, ಸಾಕ್ಷಿ ಹೇಳುವ ಹೊತ್ತಿಗೆ ಎದುರು ಪಕ್ಷ ಸೇರಿದ ತಮ್ಮ ನಿಷ್ಪಕ್ಷಪಾತಕ್ಕೆ ಶಾಲು ಹೊದಿಸಬೇಕೆನಿಸಿತು.

ಆ ನೊಣ ತೆಗೆದು ಇನ್ನೊಂದನ್ನಿಟ್ಟೆ. ಬೆನ್ನಿನ ಮೇಲೆ ರೋಮವಾಗುವ ಕೋಶವು 'ನಾನಾದೆ, ನೀವು ಬೇರೆ ಏನಾದರೂ ಆಗಿ' ಎಂದು ನೆರೆಯವರಿಗೆ ಹೇಳಬೇಕು. ಆ ಮಾತು ಇಲ್ಲಿ ತಲುಪದೆ ಎಲ್ಲರೂ ರೋಮವಾಗಿ, ಚರ್ಮವಾಗಲು ಯಾರೂ ಉಳಿಯದೆ, ಪೊರಕೆ ಕಟ್ಟಿದಂತೆ ಒತ್ತಾಗಿ ನಿಂತಿದ್ದರು. ಅಪ್ಪ ಬಹಳ ಹೊತ್ತು ನೋಡಿದರು. "ಎಲ್ಲಾರೂ ಅದೇ ಆಗ್ಯಾರಲ್ಲ! ನಮ್ಮ ಓಣಿ ಕಂಡಂಗಾತು."

ಮನೆಯ ಕಡೆಗೆ ಬಸ್ಸು ಹತ್ತಿದೆವು. ಕೋಠಿ ಸ್ಟಾಪು ದಾಟಿದ ಮೇಲೆ ಅಪ್ಪ, "ಇದನ್ನೇ ಮಾಡು. ಪರಮೇಶಗ ನಾ ಹೇಳ್ತೀನಿ. ಆದ್ರ ಮನಿಗೆ ನೊಣ ತರಬ್ಯಾಡ" ಎಂದರು. ಕಿಟಕಿಯತ್ತ ತಿರುಗಿ ಕಣ್ಣೊರೆಸಿಕೊಂಡೆ.

ಆದಕಾರಣ, ಮುಂದೆ ಹಿರಿಯರು ನೋಡಬಂದಾಗ ಯಾರ ಪರವಾಗಿ ಅಂಚು ಹರಿದುಕೊಳ್ಳಬೇಕೆಂದು ತಾವು ನನ್ನೊಡನೆ ಮೊದಲೇ ಸಮಾಲೋಚಿಸಬೇಕಾಗಿ ಕೋರುತ್ತೇನೆ.

ಇಷ್ಟಾದರೂ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ಗುರುದೇವಿ

ವಿ.ಸೂ.: ತಮ್ಮಲ್ಲಿ ದುರ್ಬಲರಾದವರು ನೆರೆಯವರ ಒತ್ತಡಕ್ಕೇ ಸಾಯುವುದುಂಟಂತೆ. ಈ ವಿಷಯ ದಯವಿಟ್ಟು ಪರಮೇಶ ಮಾಮಾನ ಕಿವಿಗೆ ಬೀಳದಿರಲಿ. ಅವರಿಗೆ ಈಗ ತಿಳಿದಿರುವ ಉಪಾಯಗಳೇ ಸಾಕು.